ನೀಲಿ ಡಬ್ಬ ಎರಡಿದ್ದವು

ನನ್ನ ಕೆಲಸಕ್ಕೆ ಈಗ ಬಂದಿರುವ ಹುಡುಗಿಯ ಹೆಸರು ಸುಷ್ಮಾ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ಊರುಗಳ ಅಂಗಡಿಗಳಿಗೆ ವಿಡಿಯೋ ಗೇಮ್ ಮಿಷನ್ನುಗಳನ್ನು ಮುಟ್ಟಿಸಿ, ಅವು ಮಾರಾಟವಾಗುವ ಹಾಗೆ ನೋಡಿಕೊಳ್ಳುವುದು ಆ ಕೆಲಸ. ನಾನು ನಿವೃತ್ತನಾದೆ, ಅವಳು ಹಿಡಿದಳು. ಹೋದ ತಿಂಗಳು ಮನೆಗೆ ಬಂದವಳು ಕಾಫಿ ಕುಡಿಯುತ್ತಾ, "ಅಂಕಲ್, ಹೊಸ ಮಿಷನ್ ಲಾಂಚ್ ಆಗ್ತಾ ಇದೆ. ಹೆಸರು ನೋಡಿದ್ರೆ ಹಳೇದರ ಥರಾನೇ ಇದೆ. ಜನಕ್ಕೆ ಕನ್‌ಫ್ಯೂಸ್ ಆಗುತ್ತೆ ಅಂದ್ರೆ ಆಫೀಸಲ್ಲಿ ನಗ್ತಾರೆ. ನಿಜ ಹೇಳಿ, ಹೆಸರಿಂದ ಏನಾದ್ರೂ ವ್ಯತ್ಯಾಸ ಆಗುತ್ತಾ?" ಎಂದು ಕೇಳಿದಳು.

ನಾನು ಆಗ ಬಿಸ್ಕತ್ತಿನ ತಟ್ಟೆಯನ್ನು ಅವಳ ಕಡೆ ತಳ್ಳಿ, ಮಂಡಿಕಲ್ ಕಡೆ ಮಳೆಯಾಯಿತಂತೆ ಎಂದು ಮಾತು ತಿರುಗಿಸಿದೆ. ಕೇಳಿದ್ದಕ್ಕೆ ಹೌದು ಎಂದರೆ ಲೆಕ್ಕ ತೋರಿಸು ಅನ್ನುತ್ತಾರೆ, ಇಲ್ಲ ಎಂದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವಳಿಗೂ, ಈ ಕೆಲಸಕ್ಕೆ ಹೊಸದಾಗಿ ಬರುವ ಬೇರೆಯವರಿಗೂ.

ಮೊದಲು ನನ್ನ ಬಗ್ಗೆ ಒಂದು ಮಾತು. ಅಂಗಡಿಗಳಲ್ಲಿ ನನ್ನನ್ನು ಗೇಮ್ ಮೂರ್ತಿ ಎನ್ನುತ್ತಿದ್ದರು. ಹೆಸರಿಗೆ ಗೇಮ್ ಮೂರ್ತಿಯೇ ಹೊರತು ನನಗೆ ಆಟ ಆಡಲು ಬರುವುದಿಲ್ಲ. ವೃತ್ತಿಯುದ್ದಕ್ಕೂ ಆಟದ ಮಿಷನ್ನು ಮಾರಿದೆ, ಒಂದು ಆಟವನ್ನೂ ಗೆಲ್ಲಲಿಲ್ಲ. ರಿಮೋಟು ಕೈಗೆ ಬಂದರೆ ನನ್ನ ಹೆಬ್ಬೆರಳುಗಳು ಒಂದರ ಮಾತು ಇನ್ನೊಂದು ಕೇಳುವುದಿಲ್ಲ. "ಸಿಹಿ ತಿನ್ನದ ಬೇಕರಿಯವನು" ಎಂದು ನನ್ನ ಹೆಂಡತಿ ಛೇಡಿಸುತ್ತಿದ್ದಳು. ಬಡ್ತಿ, ಬಹುಮಾನದ ಗಡಿಯಾರ, ಶಾಲು ಇವೆಲ್ಲ ಬಂದವು, ಹೋದವು. ಅವುಗಳಿಂದ ನಿಮಗೇನೂ ಉಪಯೋಗವಿಲ್ಲ.

ನಾನು ಶುರು ಮಾಡಿದ ಕಾಲದಲ್ಲಿ ಮಿಷನ್ನು ಅಂದರೆ ಟಿವಿಗೆ ಸಿಕ್ಕಿಸುವ ಕ್ಯಾಸೆಟ್ಟಿನ ಡಬ್ಬ. ಒಂದು ಸೂಟ್‌ಕೇಸಿನಲ್ಲಿ ಡೆಮೋ ಪೀಸು ಹಾಕಿಕೊಂಡು ಬಸ್ಸು ಹತ್ತುತ್ತಿದ್ದೆ. ಅಂಗಡಿಯವರ ಟಿವಿಗೆ ಅದನ್ನು ಜೋಡಿಸಿ, ಬೀದಿಯಲ್ಲಿ ಹೋಗುವವರು ನಿಂತು ನೋಡುವ ಹಾಗೆ ಮಾಡಿದರೆ ನನ್ನ ಕೆಲಸ ಮುಗಿದ ಹಾಗೆ. ಆಮೇಲೆ ಬೈಕು ಬಂತು, ಆಮೇಲೆ ಮೊಬೈಲು. ಕೊನೆಕೊನೆಗೆ ಸೂಟ್‌ಕೇಸು ಅಟ್ಟ ಸೇರಿತು. ವಾಟ್ಸಾಪಿನಲ್ಲಿ ವಿಡಿಯೋ ಕಳಿಸಿದರೆ ಡೆಮೋ ಆಯಿತು ಎಂದು ಆಫೀಸಿನಲ್ಲಿ ಬರೆದುಕೊಳ್ಳುತ್ತಿದ್ದರು.

ನಾವು ಮಾರುತ್ತಿದ್ದ ಮಿಷನ್ನಿಗೆ ಆರ್ಬೋ ಎಂದು ಹೆಸರು. ಮೊದಲನೆಯದು ಬರೀ ಆರ್ಬೋ, ಕಪ್ಪು ಡಬ್ಬದಲ್ಲಿ ಬರುತ್ತಿತ್ತು. ಎರಡನೆಯದು ಆರ್ಬೋ ಟೂ, ಬಿಳಿ ಡಬ್ಬ. ಮೂರನೆಯದು ಆರ್ಬೋ ನೆಕ್ಸ್ಟ್, ನೀಲಿ ಡಬ್ಬ. ಚಿಂತಾಮಣಿಯಲ್ಲಿ ರೆಡ್ಡೆಪ್ಪನವರು ಎಂಬ ಹಿರಿಯರ ರೇಡಿಯೋ, ಮಿಕ್ಸಿ ಅಂಗಡಿ ಇತ್ತು. ಆರ್ಬೋ ನೆಕ್ಸ್ಟ್ ತೆಗೆದುಕೊಂಡು ಹೋದ ದಿನ ಅವರು ಡಬ್ಬವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. "ಎವುರು ಪೆಟ್ಟಿನಾರಯ್ಯಾ ಈ ಪೇರು? ಈ ಹೆಸರಿಟ್ಟೋನು ಒಂದು ದಿನ ನನ್ನ ಗಲ್ಲಾ ಮೇಲೆ ಕೂತು ಮಾರ್ಲಿ, ಆಮೇಲೆ ಮಾತಾಡ್ತೀನಿ" ಎಂದರು. ಅಷ್ಟಂದು, ಒಳಗಿದ್ದ ಮಗನನ್ನು ಕೂಗಿ, "ಇಕಾ, ಇದು ನೀಲಿ ಡಬ್ಬ. ಕೇಳ್ದೋರಿಗೆ ಹಂಗೇ ಹೇಳು" ಎಂದರು.

ರೆಡ್ಡೆಪ್ಪನವರು ಒಬ್ಬರೇ ಅಲ್ಲ. ನಾಲ್ಕೂ ಊರಿನ ಅಂಗಡಿಗಳಲ್ಲಿ ಬಣ್ಣದ್ದೇ ವ್ಯಾಪಾರ. ಕರೀ ಡಬ್ಬ, ಬಿಳೀ ಡಬ್ಬ, ನೀಲಿ ಡಬ್ಬ. ಗಿರಾಕಿ ಬಣ್ಣ ಹೇಳುತ್ತಿದ್ದ, ಅಂಗಡಿಯವನು ಕೈ ಚಾಚಿ ತೆಗೆದುಕೊಡುತ್ತಿದ್ದ. ಕಂಪನಿಯವರು ಏನೇ ಹೆಸರಿಡಲಿ, ನಮ್ಮ ಕಡೆ ತಪ್ಪು ಮಾಲು ಮನೆಗೆ ಹೋಗುತ್ತಲೇ ಇರಲಿಲ್ಲ.

ಹೋಗುತ್ತಲೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಮ್ಮೆ ಗೌರಿಬಿದನೂರಿನಲ್ಲಿ ನಗೆಪಾಟಲಾಯಿತು. ಕಂಪನಿಯವರು ಕೈಯಲ್ಲೇ ಹಿಡಿದು ಆಡುವ, ತನ್ನದೇ ಪರದೆಯಿರುವ ಹೊಸ ಮಿಷನ್ನು ತಂದು, ಅದಕ್ಕೆ ಆರ್ಬೋ ಟೂ ಪ್ಯಾಡ್ ಎಂದು ಹೆಸರಿಟ್ಟರು. ನೋಡಿದವರೆಲ್ಲ ಅದನ್ನು ಆರ್ಬೋ ಟೂ ಮಿಷನ್ನಿನ ರಿಮೋಟು ಎಂದುಕೊಂಡರು. ಕಮಲಮ್ಮ ಎಂಬ ಮೇಷ್ಟರಮ್ಮ ಅದನ್ನು ಕೊಂಡು, ಭಾನುವಾರವಿಡೀ ಮನೆಯ ಹಳೆಯ ಮಿಷನ್ನಿಗೆ ಜೋಡಿಸಲು ಒದ್ದಾಡಿ, ಸೋಮವಾರ ಶಾಲೆಗೆ ಹೋಗುವ ದಾರಿಯಲ್ಲಿ ಅಂಗಡಿಗೆ ಬಂದರು. ನಾನು ಅಲ್ಲೇ ಇದ್ದೆ.

"ಏನ್ರೀ ಮೂರ್ತಿ, ರಿಮೋಟಿಗೆ ಇಷ್ಟು ರೇಟು ಹಾಕಿದೀರ, ಕೆಲಸಾನೇ ಮಾಡಲ್ವಲ್ರೀ ಇದು!"

"ಅದು ರಿಮೋಟಲ್ಲ ಮೇಡಂ. ಅದೇ ಒಂದು ಮಿಷನ್ನು."

"ಮತ್ತೆ ಅದರ ಹೆಸರನ್ನ ಇದಕ್ಕೆ ಯಾಕಿಟ್ರಿ? ನಮ್ ಸ್ಕೂಲಲ್ಲಿ ಹಿಂಗೆ ಉತ್ತರ ಬರೆದ್ರೆ ಸೊನ್ನೆ ಕೊಡ್ತೀನಿ ನಾನು."

ಎಲ್ಲರೂ ನಕ್ಕೆವು, ಅವರೂ ನಕ್ಕರು. ಆದರೆ ಆ ಪ್ಯಾಡು ನಮ್ಮ ಕಡೆ ಮುಗ್ಗರಿಸಿ ಬಿತ್ತು. ಆರ್ಬೋ ಟೂ ಇಲ್ಲದವರು ನಮಗ್ಯಾಕೆ ರಿಮೋಟು ಎಂದರು, ಇದ್ದವರು ನಮ್ಮ ರಿಮೋಟು ಚೆನ್ನಾಗೇ ಇದೆಯಲ್ಲ ಎಂದರು. ಮಿಷನ್ನು ಒಳ್ಳೆಯದೇ, ಪಾಪ. ಅಂಗಡಿಗಳ ಮೂಲೆಯಲ್ಲಿ ಧೂಳು ಕುಡಿದು ವಾಪಸ್ಸು ಹೋಯಿತು.

ಇದನ್ನು ಕೇಳಿ, ನೋಡಿ ಹೆಸರೇ ಎಲ್ಲ ಎಂದು ಹೊರಟುಬಿಡಬೇಡಿ. ಉಲ್ಟಾ ಕಥೆಯೂ ಇದೆ. ಬೇರೊಂದು ಕಂಪನಿಯ ಮಿಷನ್ನಿಗೆ ಬರೀ ಅಕ್ಷರ, ಅಂಕಿಗಳ ಹೆಸರಿತ್ತು. ಅದನ್ನು ಪೂರ್ತಿ ಹೇಳಬಲ್ಲ ಒಬ್ಬ ಮನುಷ್ಯನನ್ನೂ ನಾನು ಈ ನಾಲ್ಕು ತಾಲ್ಲೂಕಿನಲ್ಲಿ ನೋಡಲಿಲ್ಲ. ಆದರೂ ಬಿಸಿ ದೋಸೆಯ ಹಾಗೆ ಖರ್ಚಾಯಿತು. ಯಾಕೆಂದರೆ ಅದರಲ್ಲೊಂದು ಕುಸ್ತಿ ಆಟವಿತ್ತು. ಎಲ್ಲರೂ ಅದನ್ನು ಕುಸ್ತಿ ಮಿಷನ್ ಎಂದರು, ನಮ್ಮ ಆರ್ಬೋವನ್ನು ಮೂಲೆಗೆ ತಳ್ಳಿದರು. ಕಂಪನಿ ಕೆಟ್ಟ ಹೆಸರಿಟ್ಟರೆ ಜನ ತಮ್ಮದೇ ಒಂದು ಹೆಸರಿಟ್ಟುಕೊಳ್ಳುತ್ತಾರೆ, ವ್ಯಾಪಾರ ನಡೆಯುತ್ತದೆ. ಇದು ನಾನು ಕಣ್ಣಾರೆ ಕಂಡದ್ದು. ಜನ ಇಟ್ಟುಕೊಂಡ ಹೆಸರನ್ನೂ ಕಂಪನಿ ಕಿತ್ತುಕೊಂಡಾಗ ಏನಾಗುತ್ತದೆ ಎಂಬುದನ್ನು ಮುಂದೆ ಕಂಡೆ.

ಆರ್ಬೋ ನೆಕ್ಸ್ಟ್ ಮಿಷನ್ನನ್ನು ಸ್ವಲ್ಪ ತಿದ್ದಿ ಆರ್ಬೋ ನೆಕ್ಸ್ಟ್ ಪ್ಲಸ್ ಎಂದು ತಂದರು. ನೀಲಿ ಡಬ್ಬವೇ. ಹಳೆಯದು ನಿಂತುಹೋಗಿದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಅದಾದ ಮೇಲೆ ಪೂರ್ತಿ ಹೊಸ ಮಿಷನ್ನು, ಹೊಸ ತಲೆಮಾರಿನದು, ಬರುತ್ತದೆಂದು ನಮ್ಮನ್ನೆಲ್ಲ ಬೆಂಗಳೂರಿನ ಹೋಟೆಲಿನ ಏಸಿ ಹಾಲಿಗೆ ಕರೆದರು. ಪರದೆ ಸರಿಸಿದರು. ಆರ್ಬೋ ಪ್ಲಸ್! ಡಬ್ಬ ನೀಲಿ. ಅದರ ಮೇಲೆ ನೆಕ್ಸ್ಟ್ ಪ್ಲಸ್ ಡಬ್ಬದ ಮೇಲಿದ್ದ, ಬ್ಯಾಟು ಎತ್ತಿದ ಅದೇ ಆಟಗಾರನ ಚಿತ್ರ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಪಕ್ಕದವನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ.

ನಮ್ಮ ಮೇಲಧಿಕಾರಿ ಸಂದೀಪ್ ಒಳ್ಳೆಯ ಮನುಷ್ಯ. ನನ್ನ ಹೆಂಡತಿಗೆ ಆಪರೇಷನ್ ಆದಾಗ ಕೇಳದೆಯೇ ರಜೆ ಕೊಟ್ಟವರು. ಊಟದ ಹೊತ್ತಿನಲ್ಲಿ ಅವರ ಹತ್ತಿರ ಹೋಗಿ ಹೇಳಿದೆ.

"ಸಾರ್, ಹಳೇದು ನೆಕ್ಸ್ಟ್ ಪ್ಲಸ್, ಹೊಸದು ಬರೀ ಪ್ಲಸ್. ಎರಡೂ ನೀಲಿ. ಅಂಗಡೀಲಿ ಎರಡೂ ಅಕ್ಕಪಕ್ಕ ಕೂತಿರುತ್ತೆ. ಹೆಂಗೆ ಮಾರೋದು?"

"ಮೂರ್ತಿಯವರೇ, ಹೆಸರು ಇಡೋದು ನಮ್ಮ ಕೈಲಿಲ್ಲ, ಹೊರದೇಶದಿಂದ ಬರುತ್ತೆ. ಬಣ್ಣ ಒಂದೇ ಇದ್ರೆ ಒಂದು ಫ್ಯಾಮಿಲಿ ಅನ್ಸುತ್ತೆ ಅಂತ ಅವರ ಲೆಕ್ಕ. ಅಲ್ಲದೆ ಇವತ್ತಿನ ಕಸ್ಟಮರ್ ಎಲ್ಲಾ ಫೋನಲ್ಲಿ ನೋಡ್ಕೊಂಡೇ ಬರ್ತಾನೆ."

"ಆಡೋನು ನೋಡ್ತಾನೆ ಸಾರ್. ಕೊಳ್ಳೋಕೆ ಬರೋನೇ ಬೇರೆ."

ಪಕ್ಕದಲ್ಲಿದ್ದವರು ನಕ್ಕರು. ಸಂದೀಪ್ ನಗಲಿಲ್ಲ, ನನ್ನ ಬೆನ್ನು ತಟ್ಟಿ, ಗೋಬಿ ಚೆನ್ನಾಗಿದೆ ಹಾಕಿಸ್ಕೊಳ್ಳಿ ಎಂದರು.

ಕೊಳ್ಳಲು ಬರುವವನು ಬೇರೆ ಎಂದೆನಲ್ಲ, ಅದು ಶಿಡ್ಲಘಟ್ಟ ಗೊತ್ತಿದ್ದವರಿಗೆ ಮಾತ್ರ ಅರ್ಥವಾಗುವ ಮಾತು. ಸುತ್ತಲಿನ ಹಳ್ಳಿಗಳಿಂದ ರೇಷ್ಮೆ ಗೂಡು ತಂದು ಅಲ್ಲಿನ ಮಾರುಕಟ್ಟೆಯಲ್ಲಿ ಹರಾಜಿಗೆ ಹಾಕುತ್ತಾರೆ. ಗೂಡು ತಂದವನು ಬರಿಗೈಯಲ್ಲಿ ಊರಿಗೆ ಹೋಗುವ ಹಾಗಿಲ್ಲ. ಬೀದಿಯವರೆಲ್ಲ ಅವನಿಗೆ ಒಂದೊಂದು ಹೇಳಿ ಕಳಿಸಿರುತ್ತಾರೆ. ಒಬ್ಬರಿಗೆ ಕುಕ್ಕರಿನ ರಬ್ಬರು, ಇನ್ನೊಬ್ಬರಿಗೆ ಕನ್ನಡಕದ ಕಡ್ಡಿ, ಮತ್ತೊಬ್ಬರ ಮಗಳಿಗೆ ಫೋನಿನ ಚಾರ್ಜರು. ಹರಾಜು ಮುಗಿಯುವವರೆಗೆ ಅವನು ಅವೆಲ್ಲವನ್ನೂ ತಲೆಯಲ್ಲಿ ಇಟ್ಟುಕೊಂಡಿರಬೇಕು. ಆಮೇಲೆ ಅಂಗಡಿ ಅಂಗಡಿ ತಿರುಗಿ ಒಂದೊಂದಾಗಿ ಇಳಿಸಿಕೊಳ್ಳುತ್ತಾನೆ. ತಾನು ಯಾವತ್ತೂ ನೋಡದ, ನೋಡಲೂ ಬೇಕಿಲ್ಲದ ವಸ್ತುಗಳನ್ನು ಹೆಸರು, ಬಣ್ಣದ ಮೇಲೆಯೇ ಕೊಂಡುಹೋಗುತ್ತಾನೆ. ಆ ಜನ ತಪ್ಪುವುದು ಬಹಳ ಅಪರೂಪ.

ನಯಾಜ್ ಭಾಯಿಯ ಅಂಗಡಿ ಇದ್ದದ್ದು ಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಘಟಕಗಳ ಬೀದಿಯ ತುದಿಯಲ್ಲಿ. ಬೇಯಿಸಿದ ಗೂಡಿನ ವಾಸನೆ ಅಂಗಡಿಯ ಒಳಗೂ ತುಂಬಿರುತ್ತಿತ್ತು. ಅವನದು ಬಾಯಿಮಾತಿನ ಅಂಗಡಿ. ಭಾಯಿ ಹೇಳಿದ ಮೇಲೆ ಮುಗಿಯಿತು ಎನ್ನುವ ಗಿರಾಕಿಗಳು. ಅವನ ಹೆಂಡತಿ ಮುಮ್ತಾಜ್ ಮಧ್ಯಾಹ್ನ ಗಲ್ಲಾದಲ್ಲಿ ಕೂರುತ್ತಿದ್ದಳು, ಅವನಿಗಿಂತ ಚುರುಕು. ನನ್ನ ಸುತ್ತಿನಲ್ಲಿ ಅತಿ ಹೆಚ್ಚು ಚಹಾ ಕುಡಿದದ್ದು ಅಲ್ಲಿಯೇ.

ಆ ಅಂಗಡಿಯಲ್ಲೇ ನನಗೆ ರವಿಯ ಪರಿಚಯವಾದದ್ದು. ಹತ್ತಿರದ ಸಾದಲಿ ಊರಿನ ಹುಡುಗ, ಅಪ್ಪ ವೆಂಕಟೇಶಪ್ಪನವರ ಗೂಡಿನ ಟೆಂಪೋ ಓಡಿಸುತ್ತಿದ್ದ. ಸಾದಲಿಯ ಕ್ರಿಕೆಟ್ ತಂಡದಲ್ಲಿ ಫೀಲ್ಡಿಂಗಿಗೆ ಅವನೇ ರಾಜ. ಹಾರಿ ಬಿದ್ದು ಬಾಲು ಹಿಡಿಯುತ್ತಿದ್ದ. ನೆಟ್ಟಗೆ ಬಂದ ಬಾಲಿಗೂ ಬಿದ್ದೇ ಹಿಡಿಯುತ್ತಾನೆ ಎಂದು ಅವನ ಜೊತೆಯವರು ಹಂಗಿಸುತ್ತಿದ್ದರಂತೆ. ಹರಾಜು ಮುಗಿಯುವ ತನಕ ಅಂಗಡಿಗೆ ಬಂದು ಡೆಮೋ ಮಿಷನ್ನಿನಲ್ಲಿ ಆಡುತ್ತಿದ್ದ. ನನಗೂ ಕಲಿಸಲು ನೋಡಿ ಸೋತ.

"ಸಾರ್, ಡೈವ್ ಹೊಡೆಯೋಕೆ ಈ ಬಟನ್. ಬಾಲ್ ಹತ್ರ ಬಂದಾಗ ಒತ್ಬೇಕು, ಹೋದ್ಮೇಲಲ್ಲ. ಅಯ್ಯೋ, ನಿಮ್ ಕೈಲಿ ಆಗಲ್ಲ ಬಿಡಿ. ನೀವು ಮಾರ್ಕೊಳಿ, ನಾವು ಆಡ್ಕೊತೀವಿ."

ಆಮೇಲೆ ಅವನ ಕಿಡ್ನಿ ಎರಡೂ ಕೈಕೊಟ್ಟವು. ಟೆಂಪೋ ಬೇರೆಯವರ ಕೈಗೆ ಹೋಯಿತು. ಡಯಾಲಿಸಿಸ್‌ಗೆಂದು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಬರುವುದು, ಹೋಗುವುದು, ಮಲಗುವುದು, ಅಷ್ಟೇ ಅವನ ದಿನಗಳಾದವು. ಮೈದಾನಕ್ಕೆ ಹೋಗಿ ನಿಲ್ಲಲೂ ಶಕ್ತಿ ಇರಲಿಲ್ಲ. ಮನೆಯಲ್ಲಿ ಬಿಳೀ ಡಬ್ಬದ ಹಳೆಯ ಆರ್ಬೋ ಟೂ ಇತ್ತು, ಅದರಲ್ಲೇ ಮಲಗಿಕೊಂಡು ಕ್ರಿಕೆಟ್ ಆಡುತ್ತಿದ್ದ. ಒಮ್ಮೆ ಆಸ್ಪತ್ರೆಯ ಬಾಗಿಲಲ್ಲಿ ಅಪ್ಪ ಮಗ ಇಬ್ಬರೂ ಸಿಕ್ಕರು. ಹುಡುಗನ ಮುಖ ಊದಿಕೊಂಡಿತ್ತು, ಮಾತು ಮಾತ್ರ ಹಳೆಯ ರವಿಯದೇ.

"ಸಾರ್, ಆರ್ಬೋ ಪ್ಲಸ್ ಯಾವಾಗ ಬರುತ್ತೆ? ಅದ್ರಲ್ಲಿ ಹೊಸ ಕ್ರಿಕೆಟ್ ಗೇಮ್ ಬರ್ತಾ ಐತೆ. ಡೈವ್ ಹೊಡೆದ್ರೆ ಬಟ್ಟೆ ಕೊಳೆ ಆಗುತ್ತಂತೆ! ಮಣ್ಣು ಹಂಗೇ ಮೆತ್ಕೊಂಡಿರುತ್ತೆ. ವಿಡಿಯೋದಲ್ಲಿ ನೋಡ್ದೆ."

ವೆಂಕಟೇಶಪ್ಪನವರು ನಕ್ಕರು. "ಇವನು ಆಡ್ಕೊಂಡು ಬಂದ್ರೆ ಮೈತುಂಬಾ ಕೆಮ್ಮಣ್ಣು ಸಾರ್. ಇವರಮ್ಮ ಒಗೆದೂ ಒಗೆದೂ ಬೈಯೋಳು. ಈಗ ಅದೊಂದು ಮಿಷನ್ನು ಬರ್ಲಿ, ಗೂಡು ಮಾರಿದ ದಿನಾನೇ ತಂದ್ಕೊಡ್ತೀನಿ" ಎಂದರು. ಆ ಮಾತು ಹೇಳುವಾಗ ಅವರ ಕೈ ಮಗನ ಬೆನ್ನ ಮೇಲಿತ್ತು.

ಲಾಂಚ್ ಆದ ವಾರವೇ ವೆಂಕಟೇಶಪ್ಪನವರು ಗೂಡು ತಂದರು. ಅವತ್ತು ನಯಾಜ್ ನೆಂಟರ ಸಾವಿಗೆಂದು ಚಿಂತಾಮಣಿಗೆ ಹೋಗಿದ್ದ. ಮುಮ್ತಾಜ್ ಒಬ್ಬಳೇ ಇದ್ದಳು. ಅಂಗಡಿಯ ತುಂಬ ಗೂಡು ಮಾರಿ ಬಂದ ಜನ. ಹಿಂದಿನ ದಿನ ಬಂದಿದ್ದ ಹೊಸ ಡಬ್ಬಗಳು, ಉಳಿದಿದ್ದ ಹಳೆಯ ಡಬ್ಬಗಳು ಒಂದೇ ಸಾಲಿನಲ್ಲಿ ಕೂತಿದ್ದವು. ಎಲ್ಲವೂ ನೀಲಿ, ಎಲ್ಲದರ ಮೇಲೂ ಪ್ಲಸ್ ಎಂಬುದೇ ದೊಡ್ಡದಾಗಿ. ವೆಂಕಟೇಶಪ್ಪನವರು ಮಗ ಹೇಳಿಕೊಟ್ಟದ್ದನ್ನು ಒಂದಕ್ಷರ ತಪ್ಪದೆ ಹೇಳಿದರು.

"ಆರ್ಬೋ ಪ್ಲಸ್ ಕೊಡಮ್ಮ. ನೀಲಿ ಡಬ್ಬದ್ದು. ಜೊತೇಲಿ ಹೊಸ ಕ್ರಿಕೆಟ್ ಆಟದ್ದು ಡಿಸ್ಕು."

ಮುಮ್ತಾಜ್ ಪ್ಲಸ್ ಎಂದಿದ್ದ ನೀಲಿ ಡಬ್ಬ ತೆಗೆದಳು, ಡಿಸ್ಕು ಕೊಟ್ಟಳು. ಹೋಗಿದ್ದು ಆರ್ಬೋ ನೆಕ್ಸ್ಟ್ ಪ್ಲಸ್, ಹಳೆಯದು. ಕೊಂಡವರದು ತಪ್ಪಿಲ್ಲ, ಕೊಟ್ಟವಳದೂ ತಪ್ಪೆಂದು ನನ್ನ ಬಾಯಲ್ಲಿ ಬರುವುದಿಲ್ಲ. ಆ ಡಬ್ಬವನ್ನು ಗೂಡಿನ ಖಾಲಿ ಚೀಲಗಳ ಪಕ್ಕ ಇಟ್ಟರೆ ವಾಸನೆ ಹತ್ತುತ್ತದೆ ಎಂದು ವೆಂಕಟೇಶಪ್ಪನವರು ಊರಿನ ತನಕ ತೊಡೆಯ ಮೇಲೆ ಇಟ್ಟುಕೊಂಡೇ ಹೋದರಂತೆ.

ಮಾರನೆಯ ದಿನ ನಾನು ಅಂಗಡಿಯಲ್ಲಿದ್ದಾಗಲೇ ರವಿಯ ಫೋನು ಬಂತು. ನಯಾಜ್ ಸ್ಪೀಕರಿಗೆ ಹಾಕಿದ.

"ಭಾಯಿ, ಅಪ್ಪ ತಂದಿರೋದು ನೆಕ್ಸ್ಟ್ ಪ್ಲಸ್ಸು. ಹೊಸ ಡಿಸ್ಕ್ ಹಾಕಿದ್ರೆ ಈ ಮಿಷನ್‌ಗೆ ಆಗಲ್ಲ ಅಂತೈತೆ."

ನಯಾಜ್‌ನ ಮುಖ ಬಾಡಿಹೋಯಿತು. "ಯಾ ಅಲ್ಲಾ! ಬೇಟಾ, ಇವಾಗ್ಲೇ ಅಪ್ಪನ ಕೈಲಿ ಕಳ್ಸು..."

"ಬ್ಯಾಡ ಭಾಯಿ. ಅಪ್ಪಂಗೆ ಗೊತ್ತಾಗ್ಬಾರ್ದು. ಬೀದಿಯೋರ್ನೆಲ್ಲಾ ಕರ್ದು ತೋರ್ಸವ್ರೆ, ನನ್ ಮಗ ಕೇಳಿದ್ದೇ ತಂದಿದೀನಿ ಅಂತ. ಇದೇ ಅಪ್ಪ, ಸರಿಯಾಗೈತೆ ಅಂತ ಅಂದ್ಬಿಟ್ಟಿದೀನಿ. ಹಳೇ ಕ್ರಿಕೆಟ್ ಡಿಸ್ಕೇ ಇದ್ರಲ್ಲಿ ಹಾಕ್ಕೊಂಡು ಆಡ್ತಾ ಇದೀನಿ. ಡಬ್ಬ ಒಂದೇ ಥರ ಐತಲ್ಲ, ಮೆತ್ತಗೆ ಬದ್ಲಾಯಿಸಿ ಕೊಡ್ತೀರಾ?"

"ಕೊಡ್ತೀನಿ ಬೇಟಾ. ಭಾಯಿ ಹೇಳ್ತಾ ಇದೀನಲ್ಲ, ಕೊಡ್ತೀನಿ" ಎಂದ ನಯಾಜ್. ಫೋನಿಟ್ಟ ಮೇಲೆ ಮುಮ್ತಾಜ್ ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಹೋದಳು.

ಕೊಡುತ್ತೇನೆ ಎಂದದ್ದು ಸುಲಭ. ಕೊಡಲು ಮಿಷನ್ನು ಎಲ್ಲಿತ್ತು? ಹೊಸ ಡಬ್ಬಗಳು ಅವತ್ತು ಬೆಳಗ್ಗೆಯೇ ಖಾಲಿಯಾಗಿದ್ದವು. ನಾನು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಎಲ್ಲ ಕಡೆ ಫೋನು ಮಾಡಿದೆ, ಬೈಕಿನಲ್ಲಿ ಹೋಗಿ ಗೋಗರೆದೆ. ಎಲ್ಲೂ ಇಲ್ಲ. ಸಂದೀಪ್ ಅವರಿಗೆ ಫೋನು ಮಾಡಿ ವಿಷಯವನ್ನೆಲ್ಲ ಹೇಳಿದೆ. ಮುಂದಿನ ಲೋಡು ಮೊದಲು ಬೆಂಗಳೂರಿನ ಶಾಪಿಂಗ್ ಮಾಲ್‌ಗಳಿಗೆ ಹೋಗುತ್ತದೆ ಎಂದರು. ಚಿಕ್ಕಬಳ್ಳಾಪುರದ ಶೋರೂಮಿನಲ್ಲಿ ಗಾಜಿನೊಳಗೆ ಒಂದು ಡಿಸ್‌ಪ್ಲೇ ಪೀಸು ಇದೆಯಲ್ಲ ಸಾರ್, ಅದನ್ನಾದರೂ ಕೊಡಿಸಿ ಎಂದೆ.

"ಲಾಂಚ್ ಮುಗಿಯೋವರೆಗೆ ಅದನ್ನ ಮುಟ್ಟೋ ಹಂಗಿಲ್ಲ ಮೂರ್ತಿಯವರೇ. ನನ್ನ ಮೇಲೂ ಕೇಳೋರಿದ್ದಾರೆ."

"ಹುಡುಗನಿಗೆ ಹುಷಾರಿಲ್ಲ ಸಾರ್."

"ನಂಗೆ ಅರ್ಥ ಆಗುತ್ತೆ. ಸ್ವಲ್ಪ ದಿನ ತಾಳಿ."

ಅವರಿಗೆ ಅರ್ಥವಾಗಿತ್ತು ಎಂದು ನಾನು ಈಗಲೂ ನಂಬುತ್ತೇನೆ. ಆದರೆ ತಾಳಿ ಎನ್ನುವುದನ್ನು ಯಾರಿಗೆ ಹೇಳುತ್ತಿದ್ದೇವೆ ಎಂಬುದನ್ನು ಅವರು ನೋಡಿರಲಿಲ್ಲ. ನಾನು ನೋಡಿದ್ದೆ. ಆ ದಿನಗಳಲ್ಲಿ ಒಮ್ಮೆ ಸಾದಲಿಗೆ ಹೋಗಿದ್ದೆ. ಹಿಪ್ಪುನೇರಳೆ ಸೊಪ್ಪಿನ ರಾಶಿಯ ಪಕ್ಕದ ಕೋಣೆಯಲ್ಲಿ ರವಿ ದಿಂಬಿಗೆ ಒರಗಿ ಆಡುತ್ತಿದ್ದ. ವೆಂಕಟೇಶಪ್ಪನವರು ಮಂಚದ ಕೆಳಗೆ ಗೋಡೆಗೆ ಒರಗಿ ಕೂತು ಕಣ್ಣು ಮಿಟುಕಿಸದೆ ಟಿವಿ ನೋಡುತ್ತಿದ್ದರು. ರವಿ ನನ್ನನ್ನು ಕಂಡು ಕಣ್ಣಲ್ಲೇ, ಬಂತಾ ಎಂದು ಕೇಳಿದ. ನಾನು ತಲೆಯಾಡಿಸಿದೆ, ಇಲ್ಲ. ಅವನು ಹೆಬ್ಬೆರಳು ಎತ್ತಿ ತೋರಿಸಿ ನಕ್ಕು ಆಟ ಮುಂದುವರಿಸಿದ. ಹೊಸ ಡಿಸ್ಕಿನ ಪೆಟ್ಟಿಗೆ ಅವನ ದಿಂಬಿನ ಕೆಳಗಿಂದ ಸ್ವಲ್ಪವೇ ಕಾಣುತ್ತಿತ್ತು. ಅವರಮ್ಮ ಕಾಫಿ ತಂದುಕೊಟ್ಟರು.

ಕೊನೆಗೆ ಮಿಷನ್ನು ಸಿಕ್ಕಿದ್ದು ರೆಡ್ಡೆಪ್ಪನವರಿಂದ. ತಮ್ಮ ಮೊಮ್ಮಗಳಿಗೆಂದು ಒಂದನ್ನು ಮನೆಯಲ್ಲಿ ಎತ್ತಿಟ್ಟಿದ್ದರು, ಅದು ನನಗೆ ಗೊತ್ತಿರಲಿಲ್ಲ. ಯಾರ ಬಾಯಿಂದಲೋ ವಿಷಯ ಕೇಳಿ ತಾವೇ ಫೋನು ಮಾಡಿದರು. "ಮುಂದೇ ನಾಕು ಚೆಪ್ಪರಾದಾ? ಮೊದ್ಲೇ ನನಗೆ ಹೇಳ್ಬಾರ್ದಿತ್ತಾ? ಬಾರಯ್ಯಾ, ತಗೊಂಡ್ಹೋಗು. ನನ್ ಮೊಮ್ಮಗಳು ಎರಡು ದಿನ ಅತ್ತು ಸುಮ್ನಾಗ್ತಾಳೆ" ಎಂದು ಬೈದರು. ನಾನು ಚಿಂತಾಮಣಿಯಿಂದ ಡಬ್ಬ ತಂದೆ, ಶಿಡ್ಲಘಟ್ಟದಲ್ಲಿ ನಯಾಜ್ ಬೈಕಿನ ಹಿಂದೆ ಹತ್ತಿದ. ದಾರಿಯುದ್ದಕ್ಕೂ ಅವನು, ಅಪ್ಪನನ್ನು ಹೊರಗೆ ಕರೆದುಕೊಂಡು ಹೋಗುವುದು ಹೇಗೆ, ನಾನು ಒಳಗೆ ಬದಲಾಯಿಸುವುದು ಹೇಗೆ ಎಂದು ಪ್ಲಾನು ಹಾಕುತ್ತಲೇ ಇದ್ದ. ಬಹಳ ದಿನಗಳ ಮೇಲೆ ಇಬ್ಬರೂ ನಗುತ್ತಿದ್ದೆವು.

ಸಾದಲಿಯಲ್ಲಿ ಅವರ ಮನೆಯ ಮುಂದೆ ಜನ ನಿಂತಿದ್ದರು. ಸೊಪ್ಪಿನ ಮಂಕರಿಗಳು ಇಳಿಸಿದಲ್ಲೇ ಇದ್ದವು, ಸೊಪ್ಪು ಬಾಡಿತ್ತು. ನಯಾಜ್ ಬೈಕಿಂದ ಇಳಿಯದೆ ನನ್ನ ಹೆಗಲು ಹಿಡಿದುಕೊಂಡ. ಬೆಳಗ್ಗೆ ಆಸ್ಪತ್ರೆಯಲ್ಲೇ ಹೋಗಿಬಿಟ್ಟ ಎಂದು ಯಾರೋ ಹೇಳಿದರು.

ಡಬ್ಬದ ಮೇಲೆ ನನ್ನ ಮಳೆಕೋಟು ಹೊದಿಸಿ, ಬೈಕನ್ನು ದೂರದ ಹುಣಸೆ ಮರದ ಕೆಳಗೆ ನಿಲ್ಲಿಸಿ ಹೋದೆವು. ಅವರಮ್ಮ ನನ್ನನ್ನು ನೋಡಿ, "ಅವ್ನಿಗೆ ಬೇಕಾಗಿದ್ ಮಿಷನ್ನು ಅವರಪ್ಪ ತಂದ್ಕೊಟ್ರಪ್ಪ, ಅದೊಂದೇ ಸಮಾಧಾನ ನಂಗೆ" ಎಂದು ಅತ್ತರು. ವೆಂಕಟೇಶಪ್ಪನವರು ನೆಲ ನೋಡುತ್ತಾ ಕೂತಿದ್ದರು. ನಯಾಜ್ ಗೋಡೆಯ ಕಡೆ ತಿರುಗಿ ಅಳುತ್ತಿದ್ದ. ನನಗೆ ಅವತ್ತು ಬಂದ ಸಿಟ್ಟು ಯಾರ ಮೇಲೆ ಎಂದು ಇವತ್ತಿಗೂ ಸರಿಯಾಗಿ ಹೇಳಲಾರೆ. ಡಬ್ಬ ರೆಡ್ಡೆಪ್ಪನವರಿಗೆ ವಾಪಸ್ಸು ಹೋಯಿತು.

ಅಲ್ಲಿಂದ ಮುಂದೆ ನಯಾಜ್ ಹೊಸ ಡಬ್ಬಗಳಿಗೆಲ್ಲ ಒಂದೊಂದು ಕೆಂಪು ದಾರ ಕಟ್ಟತೊಡಗಿದ. ಕೆಲವೇ ದಿನಗಳಲ್ಲಿ ಗಿರಾಕಿಗಳು ದಾರದ ಡಬ್ಬ ಎನ್ನತೊಡಗಿದರು. ನಾನು ಉಳಿದ ಮೂರು ಊರುಗಳಲ್ಲೂ ದಾರ ಕಟ್ಟಿಸಿದೆ. ಆಫೀಸಿನಿಂದ ಬಂದವರು, ಇದೇನಿದು ಹೊಸ ಡಬ್ಬಕ್ಕೆ ದೃಷ್ಟಿ ದಾರ ಎಂದು ನಗಾಡಿದರು. ಸಂದೀಪ್‌ಗೆ ರವಿಯ ವಿಷಯ ಹೇಳಿದಾಗ, "ಒಂದು ಕೇಸಿಗೋಸ್ಕರ ಹೆಸರು ಬದಲಾಗಲ್ಲ ಮೂರ್ತಿಯವರೇ" ಎಂದರು. ನಿಜವೇ. ಆರ್ಬೋ ಪ್ಲಸ್ ಚೆನ್ನಾಗಿಯೇ ಮಾರಾಟವಾಯಿತು. ಹೆಸರಿನಿಂದ ನಷ್ಟವಾಯಿತೆಂದು ತೋರಿಸಲು ನನ್ನ ಕೈಯಲ್ಲಿ ಏನೂ ಇಲ್ಲ. ಕಂಪನಿಯ ಲೆಕ್ಕದಲ್ಲಿ ಸಾದಲಿಗೆ ಒಂದು ಮಿಷನ್ನು ಮಾರಾಟವಾಗಿತ್ತು, ಅದು ವಾಪಸ್ಸೂ ಬಂದಿರಲಿಲ್ಲ.

ಸುಷ್ಮಾ, ನಿನ್ನ ಪ್ರಶ್ನೆಗೆ ನನಗೆ ಗೊತ್ತಿರುವ ಉತ್ತರ ಇಷ್ಟೇ. ಫೋನಿನಲ್ಲಿ ನೋಡಿಕೊಂಡು, ತನಗೆ ತಾನೇ ಕೊಳ್ಳುವವನಿಗೆ ಹೆಸರು ಹೇಗಿದ್ದರೂ ನಡೆಯುತ್ತದೆ. ಇನ್ನೊಬ್ಬರಿಗಾಗಿ ಕೊಳ್ಳಲು ಬರುವವರಿಗೆ ಹೆಸರು, ಬಣ್ಣ ಬಿಟ್ಟರೆ ಬೇರೆ ಆಸರೆಯಿಲ್ಲ. ನೀನು ಡಬ್ಬಕ್ಕೆ ದಾರ ಕಟ್ಟಿಸು, ಯಾರು ಬೇಕಾದರೂ ನಗಲಿ.

ಇನ್ನೊಂದು ಸಂಗತಿ ಬರೆಯದೆ ಮುಗಿಸಲಾರೆ. ನಾನು ಕೆಲಸ ಬಿಡುವ ಮುಂಚಿನ ಕೊನೆಯ ಸುತ್ತಿನಲ್ಲಿ ನಯಾಜ್‌ನ ಅಂಗಡಿಯಲ್ಲಿ ಕೂತಿದ್ದೆ. ಹರಾಜು ಮುಗಿಸಿಕೊಂಡು ವೆಂಕಟೇಶಪ್ಪನವರು ಬಂದರು. ರವಿ ಹೋದ ಮೇಲೆ ಅವರು ಆ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ. ಮುಮ್ತಾಜ್ ಎದ್ದು ನಿಂತಳು. ಅವರು ಕೂರಲಿಲ್ಲ, ಚಹಾ ಬೇಡವೆಂದರು. ಟವೆಲಿನ ಗಂಟು ಬಿಚ್ಚಿ ಒಂದು ಡಿಸ್ಕಿನ ಪೆಟ್ಟಿಗೆ ತೆಗೆದು ಗಲ್ಲಾದ ಮೇಲಿಟ್ಟರು.

"ಇದನ್ನ ಒಂದ್ಸಲ ಹಾಕಿ ತೋರಿಸ್ತೀರಾ ಭಾಯಿ? ಆ ಸರಿಯಾದ ಮಿಷನ್ನಲ್ಲಿ."

ನಯಾಜ್ ತೊದಲುತ್ತಾ, "ನಿಮಗೆ... ರವಿ ಹೇಳಿದ್ನಾ?" ಎಂದ.

"ಅವನೆಲ್ಲಿ ಹೇಳ್ತಾನೆ! ನಾನು ದಿನಾ ಪಕ್ಕದಲ್ಲೇ ಕೂತು ನೋಡ್ತಾ ಇದ್ದೆನಲ್ಲ. ಆಟಗಾರ್ರು ಬೀಳೋರು, ಏಳೋರು. ಬಟ್ಟೆ ಮಾತ್ರ ಕೊಳೆ ಆಗ್ತಾನೇ ಇರ್ಲಿಲ್ಲ. ಬೇರೇದು ತಂದ್ಬಿಟ್ಟಿದೀನಿ ಅಂತ ಅವತ್ತೇ ಗೊತ್ತಾಯ್ತು. ಕೇಳಿದ್ರೆ, ಅಪ್ಪಂಗೆ ಗೊತ್ತಾಗೋಯ್ತಲ್ಲ ಅಂತ ಅವ್ನು ನೊಂದ್ಕೊತಿದ್ದ. ಸುಮ್ನಿದ್ದೆ."

ಮುಮ್ತಾಜ್ ಏನೋ ಹೇಳಲು ಬಾಯಿ ತೆರೆದಳು. "ಬಿಡು ತಾಯಿ, ನಿಂದೇನೈತೆ. ಡಬ್ಬ ಎರಡೂ ಒಂದೇ ಥರ ಇದ್ವು" ಎಂದರು ಅವರು.

ನಯಾಜ್ ಡೆಮೋ ಮಿಷನ್ನಿಗೆ ಡಿಸ್ಕು ಹಾಕಿದ. ರಿಮೋಟನ್ನು ನನ್ನ ಕೈಗೆ ತುರುಕಿ ಆ ಕಡೆ ತಿರುಗಿದ. ನಾನು ಆಡಲು ಬಾರದವನು ಆಡಿದೆ. ಮೊದಲನೆಯ ಬಾಲು ಬೌಂಡರಿಗೆ ಹೋಯಿತು. ಇನ್ನೊಂದೂ ಹೋಯಿತು. ವೆಂಕಟೇಶಪ್ಪನವರು ಟಿವಿಯ ಹತ್ತಿರ ಬಂದು, "ನಿಧಾನವಾಗಿ ಆಡಿ ಸಾರ್, ಬಸ್ಸಿಗೆ ಇನ್ನೂ ಹೊತ್ತೈತೆ" ಎಂದರು. ಬಾಲು ಹತ್ತಿರ ಬಂದಾಗ ಒತ್ತಬೇಕು, ಹೋದಮೇಲಲ್ಲ ಎಂದು ರವಿ ಹೇಳಿದ್ದು ನೆನಪಾಯಿತು. ಕಣ್ಣು ಮಂಜಾಗಿ ಬಾಲೇ ಕಾಣುತ್ತಿರಲಿಲ್ಲ. ಆದರೂ ಒತ್ತಿದೆ. ಫೀಲ್ಡರ್ ಹಾರಿ ಬಿದ್ದ, ಜಾರಿಕೊಂಡು ಹೋಗಿ ಬಾಲು ಹಿಡಿದು ಎದ್ದು ನಿಂತ. ಎದೆಯಿಂದ ಮಂಡಿಯ ತನಕ ಅವನ ಬಿಳಿ ಬಟ್ಟೆಗೆ ಮಣ್ಣು ಮೆತ್ತಿತ್ತು.

ನಾನು ಆಟವನ್ನು ಅಲ್ಲೇ ನಿಲ್ಲಿಸಿದೆ. ವೆಂಕಟೇಶಪ್ಪನವರು ಕನ್ನಡಕ ಮೇಲಕ್ಕೆ ತಳ್ಳಿ, ಬಗ್ಗಿ, ಆ ಮಣ್ಣನ್ನೇ ನೋಡಿದರು.

"ಬಣ್ಣ ನಮ್ ಕಡೆ ಮಣ್ಣಿಂದಲ್ಲ" ಎಂದರು. ನೆಟ್ಟಗೆ ನಿಂತು, "ಆದ್ರೂ ಕೊಳೆ ಆಯ್ತಲ್ಲ, ಸಾಕು ಬಿಡಿ" ಎಂದು ಟವೆಲ್ ಹೆಗಲಿಗೆ ಹಾಕಿಕೊಂಡು ಬಸ್ಸಿನ ಕಡೆ ನಡೆದರು.